ಸಂಜೆಯಾದರೆ ರಚ್ಚೆ ಹಿಡಿಯುವ ಎಳೆಗೂಸು: ಕಾರಣ ಹುಡುಕುವ ಕ್ರಮ

ಕೂಸು ಹುಟ್ಟಿ ಎರಡು-ಮೂರು ವಾರವಾಗಿರುತ್ತದೆ. ಹಗಲೆಲ್ಲ ಹಾಲು ಕುಡಿದು ಚೆನ್ನಾಗಿ ಮಲಗಿದ್ದದ್ದು ದೀಪ ಹಚ್ಚುವ ಹೊತ್ತಿಗೆ ಅಳಲು ಶುರುಮಾಡುತ್ತದೆ. ಮುಖ ಕೆಂಪೇರುತ್ತದೆ, ಮುಷ್ಟಿ ಬಿಗಿಯುತ್ತದೆ, ಕಾಲು ಹೊಟ್ಟೆಯ ಕಡೆಗೆ ಮಡಚಿಕೊಳ್ಳುತ್ತದೆ, ಮುಟ್ಟಿ ನೋಡಿದರೆ ಹೊಟ್ಟೆ ಗಟ್ಟಿ. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು, ಮೊಲೆ ಕೊಟ್ಟರೆ ಎರಡು ಗುಟುಕು ಕುಡಿದು ಬಿಟ್ಟು ಮತ್ತೆ ಅಳು. ಮನೆಯಲ್ಲಿ ಒಬ್ಬರು ಗ್ಯಾಸು ಎನ್ನುತ್ತಾರೆ, ಒಬ್ಬರು ಹಾಲು ಸಾಲುತ್ತಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಉಪ್ಪು-ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಬರುತ್ತಾರೆ. ಒಂಬತ್ತೂವರೆ-ಹತ್ತರ ಹೊತ್ತಿಗೆ ಕೂಸು ತಾನಾಗಿ ಸುಮ್ಮನಾಗಿ ನಿದ್ದೆ ಹೋಗುತ್ತದೆ. ಆ ಹೊತ್ತಿಗೆ ಯಾರು ಏನು ಮಾಡಿದ್ದರೋ ಅದರಿಂದಲೇ ಗುಣವಾಯಿತು ಎಂಬ ನಂಬಿಕೆ ಮನೆಯಲ್ಲಿ ಗಟ್ಟಿಯಾಗುತ್ತದೆ.

ಈ ಅಳುವನ್ನು ವೈದ್ಯರು ಕೋಲಿಕ್ ಎನ್ನುತ್ತಾರೆ. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಅಳುವಿಗಿರಬಹುದಾದ ಬೇರೆ ಕಾರಣಗಳನ್ನು ಒಂದೊಂದಾಗಿ ನೋಡಿ, ಯಾವುದೂ ಅಲ್ಲ ಎಂದು ಖಾತ್ರಿಯಾದ ಮೇಲೆ ಉಳಿಯುವುದು ಕೋಲಿಕ್. ಆದ್ದರಿಂದ ನೋಡುವ ಕ್ರಮ ತಪ್ಪಬಾರದು. ಕೂಸಿನ ಬಾಯಿಗೆ ಹನಿ, ನೀರು, ತೇದ ಮದ್ದು ಯಾವುದನ್ನೇ ಹಾಕುವ ಮುಂಚೆ ಕೂಸನ್ನು ನೆತ್ತಿಯಿಂದ ಅಂಗಾಲಿನವರೆಗೆ ಪೂರ್ತಿ ನೋಡಿರಬೇಕು. ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ.

ಇದು ಕೋಲಿಕ್ ಇರಬಹುದೇ?

1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ಒಂದು ಅಳತೆ ಕೊಟ್ಟರು: ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅಳು. ಮೂರು ವಾರ ಕಾಯುವಷ್ಟರಲ್ಲಿ ಮನೆಯವರೆಲ್ಲ ಸೋತು ಸುಣ್ಣವಾಗಿರುತ್ತಾರೆ. ಹೊಟ್ಟೆ-ಕರುಳಿನ ತೊಂದರೆಗಳನ್ನು ಗುರುತಿಸಲು ತಜ್ಞರು ಮಾಡಿದ 2016ರ ರೋಮ್-4 ಮಾನದಂಡವು ಈ ಲೆಕ್ಕವನ್ನು ಕೈಬಿಟ್ಟು ವಿಷಯವನ್ನು ಸರಳಗೊಳಿಸಿತು. ಕೂಸಿಗೆ 5 ತಿಂಗಳಾಗಿರಬಾರದು, ಕಾರಣ ಕಾಣದ ದೀರ್ಘ ಅಳು ಮತ್ತೆ ಮತ್ತೆ ಬರುತ್ತಿರಬೇಕು, ನೋಡಿಕೊಳ್ಳುವವರು ಏನೇ ಮಾಡಿದರೂ ಅದು ನಿಲ್ಲುತ್ತಿರಬಾರದು, ಜ್ವರ-ಕಾಯಿಲೆ ಇರಬಾರದು, ತೂಕ ಸರಿಯಾಗಿ ಏರುತ್ತಿರಬೇಕು. ಮನೆಯಲ್ಲಿ ಬಳಸಲು ನನಗೆ ಇದೇ ಹೆಚ್ಚು ಉಪಯುಕ್ತ ಅನ್ನಿಸುತ್ತದೆ, ಅದರಲ್ಲೂ ಕೊನೆಯ ಎರಡು ಮಾತು.

ವಯಸ್ಸು ದೊಡ್ಡ ಸುಳಿವು. ಎರಡನೇ ವಾರದ ಆಚೆ ಈಚೆ ಶುರುವಾಗಿ, ಆರನೇ ವಾರದ ಸುತ್ತ ಅತಿ ಹೆಚ್ಚಾಗಿ, ಮೂರು-ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಾದರೆ ಹುಟ್ಟಿದ ದಿನದಿಂದಲ್ಲ, ವೈದ್ಯರು ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಬೇಕು. ಅಂದಾಜು ಐದು ಕೂಸುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಎದೆಹಾಲು ಕುಡಿಯುವ ಕೂಸು, ಡಬ್ಬಿ ಹಾಲಿನ ಕೂಸು, ಹೆಣ್ಣು, ಗಂಡು ಎಂಬ ಭೇದವಿಲ್ಲ. ಹೀಗೆ ಅತಿಯಾಗಿ ಅಳುವ ಕೂಸುಗಳಲ್ಲಿ ದೇಹದೊಳಗಿನ ಕಾಯಿಲೆ ಸಿಗುವುದು ನೂರಕ್ಕೆ 5ಕ್ಕಿಂತ ಕಡಿಮೆ. ಆ ಕೆಲವು ಕೂಸುಗಳು ಕೈತಪ್ಪಬಾರದೆಂದೇ ಮುಂದಿನ ಹೆಜ್ಜೆಗಳು.

ಅಳುವಿನ ನಡುವೆ ಕೂಸು ಹೇಗಿದೆ ಎಂಬುದನ್ನೂ ನೋಡಿ. ಕೋಲಿಕ್ ಇರುವ ಕೂಸು ಉಳಿದ ಹೊತ್ತಿನಲ್ಲಿ ಆರಾಮಾಗಿರುತ್ತದೆ. ಕಣ್ಣರಳಿಸಿ ನೋಡುತ್ತದೆ, ಹಸಿವಾದಾಗ ಆಸೆಯಿಂದ ಕುಡಿಯುತ್ತದೆ, ಮೈಕೈ ಆಡಿಸುತ್ತದೆ. ಅತ್ತು ಸುಸ್ತಾದ ಮೇಲೆ ಹಾಲೂ ಬೇಡ ಎಂದು ಜೋತುಬಿದ್ದಿರುವ ಕೂಸಿನ ಕಥೆ ಬೇರೆ.

ತಡಮಾಡದೆ ಆಸ್ಪತ್ರೆಗೆ ಹೊರಡಬೇಕಾದವು

ಕೆಳಗಿನವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಮುಂದಿನ ಪರೀಕ್ಷೆ ಮಾಡುತ್ತ ಕೂರಬೇಡಿ. ರಾತ್ರಿಯಾದರೂ ಸರಿ, ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

- ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ. ಬೆಚ್ಚಗೆ ಹೊದಿಸಿದ್ದರೂ ಮೈ ತಣ್ಣಗಿರುವುದೂ ಅಷ್ಟೇ ಕೆಟ್ಟದ್ದು.
- ಹಸಿರು ಬಣ್ಣದ ವಾಂತಿ. ಅಥವಾ ಪ್ರತಿ ಸಲ ಹಾಲು ಕುಡಿದ ಮೇಲೆ ದೂರಕ್ಕೆ ಚಿಮ್ಮುವ ವಾಂತಿ.
- ಮಲದಲ್ಲಿ ರಕ್ತ. ಅಳು ನಿಂತ ಮೇಲೂ ಹೊಟ್ಟೆ ಉಬ್ಬಿ ಗಟ್ಟಿಯಾಗಿಯೇ ಇರುವುದು.
- ಎಬ್ಬಿಸಿದರೂ ಏಳದ ಮಂಪರು, ಮೈ ಜೋತುಬೀಳುವುದು, ಸಾಲಾಗಿ ಎರಡು ಸಲ ಹಾಲು ಬೇಡವೆನ್ನುವುದು.
- ಮಾಮೂಲಿ ಅಳುವಿಗಿಂತ ಬೇರೆ ಥರದ ಕೀರಲು ದನಿ, ಅಥವಾ ನರಳಿದಂತಹ ಕ್ಷೀಣ ದನಿ.
- ಸುಮ್ಮನಿರುವಾಗ ನೆಟ್ಟಗೆ ಎತ್ತಿ ಹಿಡಿದರೂ ನೆತ್ತಿಯ ಮೆತ್ತನೆಯ ಜಾಗ ಉಬ್ಬಿರುವುದು. ಫಿಟ್ಸ್.
- ಮಲಗಿದ್ದಾಗ ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಪಕ್ಕೆ ಒಳಗೆ ಸೆಳೆಯುವುದು, ತುಟಿ ನೀಲಿಯಾಗುವುದು.
- ಎಂಟು ಗಂಟೆ ಕಳೆದರೂ ಉಚ್ಚೆ ಹೊಯ್ಯದಿರುವುದು.
- ಬಿದ್ದದ್ದು, ತಲೆಗೆ ಪೆಟ್ಟಾದದ್ದು, ಅಥವಾ ಹಾಗಾಗಿರಬಹುದೆಂಬ ಅನುಮಾನ.

ಹಸಿರು ವಾಂತಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಅದನ್ನು "ಪಿತ್ತ ಜಾಸ್ತಿಯಾಗಿದೆ" ಎಂದು ಬಿಟ್ಟುಬಿಡುವುದುಂಟು. ಎಳೆಗೂಸಿನಲ್ಲಿ ಹಸಿರು ವಾಂತಿ ಎಂದರೆ ಕರುಳು ತಿರುಚಿಕೊಂಡು ರಕ್ತ ಹರಿಯುವುದು ನಿಂತಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಗಂಟೆಗಳ ಲೆಕ್ಕದಲ್ಲಿ ಬೇಕು. ಬಟ್ಟೆಗೆ ತಾಗಿದ ಕಲೆಯ ಫೋಟೋ ತೆಗೆದುಕೊಂಡು ಹೊರಡಿ. ಚಿಮ್ಮುವ ವಾಂತಿ ಹೆಚ್ಚಾಗಿ ಮೂರರಿಂದ ಆರನೇ ವಾರದ ನಡುವೆ ಕಾಣಿಸುತ್ತದೆ. ಜಠರದ ಹೊರದಾರಿ ದಪ್ಪಗಾಗಿ ಹಾಲು ಮುಂದಕ್ಕೆ ಹೋಗದೆ ಹಾಗಾಗುತ್ತದೆ. ಕುಡಿದ ಮೇಲೆ ಕಟವಾಯಿಯಲ್ಲಿ ಒಂದಿಷ್ಟು ಹಾಲು ಕಕ್ಕಿ ನಗುತ್ತಿರುವ ಕೂಸಿಗೂ ಇದಕ್ಕೂ ಸಂಬಂಧವಿಲ್ಲ. ಅದು ಸಹಜ.

ಬಟ್ಟೆ ಬಿಚ್ಚಿ ನೋಡುವುದು

ಅಪಾಯದ ಲಕ್ಷಣ ಒಂದೂ ಇಲ್ಲವೆಂದರೆ ಮುಂದಿನ ಹೆಜ್ಜೆ ಇದು. ಎಲ್ಲರೂ ಬಿಟ್ಟುಬಿಡುವ ಹೆಜ್ಜೆಯೂ ಇದೇ. ಫ್ಯಾನ್ ಆರಿಸಿ, ಒಳ್ಳೆಯ ಬೆಳಕಿನ ಕೆಳಗೆ ಮಂಚದ ಮೇಲೆ ಕೂಸನ್ನು ಮಲಗಿಸಿ, ಮೈಮೇಲಿರುವುದನ್ನೆಲ್ಲ ತೆಗೆಯಿರಿ. ಕುಲಾವಿ, ಅಂಗಿ, ಕಾಲುಚೀಲ, ಕೈಚೀಲ, ಲಂಗೋಟಿ, ಡೈಪರ್. ಉಡಿದಾರ, ಕೈಗೆ ಕಟ್ಟಿದ ಕಪ್ಪು ದಾರ, ಬಳೆ, ಕಾಲ್ಗಡಗಗಳನ್ನು ಬಿಚ್ಚದಿದ್ದರೂ ಸರಿಸಿಯಾದರೂ ಅದರ ಕೆಳಗಿನ ಚರ್ಮ ನೋಡಿ. ಹುಟ್ಟಿದಾಗ ಸಡಿಲವಾಗಿದ್ದ ದಾರ ಒಂದೂವರೆ ತಿಂಗಳಲ್ಲಿ ಕೂಸು ತುಂಬಿಕೊಂಡಂತೆ ಬಿಗಿಯುತ್ತದೆ. ಹಾಲು ಕುಡಿದು ಹೊಟ್ಟೆ ತುಂಬಿದಾಗ ಉಡಿದಾರ ಒತ್ತುವುದು ಎದ್ದು ಕಾಣುತ್ತದೆ.

ಕಾಲಿನಿಂದ ಶುರುಮಾಡಿ. ಬಾಣಂತಿಯರಿಗೆ ಹೆರಿಗೆಯಾದ ಎರಡು-ಮೂರು ತಿಂಗಳಿಗೆ ಕೂದಲು ಉದುರುತ್ತದೆ. ಆ ಒಂದೊಂದು ಎಳೆ ಕಾಲುಚೀಲದೊಳಗೆ, ಹೊದಿಕೆಯೊಳಗೆ ಸೇರಿ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಳ್ಳುತ್ತದೆ. ಒದ್ದೆಯಾದಾಗ ಹಿಗ್ಗಿ, ಒಣಗಿದಾಗ ಬಿಗಿದು ರಕ್ತ ತಡೆಯುತ್ತದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಬುಡದ ಹತ್ತಿರ ಸೂಜಿಯಲ್ಲಿ ಗೆರೆ ಎಳೆದಂತೆ ಒಂದು ಸಣ್ಣ ತಗ್ಗು ಇದ್ದು, ಅದರಿಂದ ಆಚೆಗಿನ ಭಾಗ ಕೆಂಪಗೆ ಊದಿ ಹೊಳೆಯುತ್ತಿದ್ದರೆ ಅದೇ ಕಾರಣ. ಕೂದಲು ಚರ್ಮದೊಳಗೆ ಹೂತಿರುವುದರಿಂದ ಕಣ್ಣಿಗೆ ಕಾಣದೆಯೂ ಇರಬಹುದು. ತುದಿ ಸಿಕ್ಕಿ ಸುಲಭವಾಗಿ ಬಿಡಿಸಲು ಬಂದರೆ ಬಿಡಿಸಿ. ಬರದಿದ್ದರೆ, ಅಥವಾ ಬಿಡಿಸಿದ ಮೇಲೂ ಊತ ಇಳಿಯದಿದ್ದರೆ ಕೂಡಲೇ ವೈದ್ಯರ ಹತ್ತಿರ ಹೋಗಿ. ಬ್ಲೇಡು ಹಿಡಿದು ಪ್ರಯತ್ನಿಸಬೇಡಿ. ಕೈಬೆರಳು, ಗಂಡುಮಗುವಿನ ಶಿಶ್ನಕ್ಕೂ ಹೀಗೆ ಸುತ್ತಿಕೊಳ್ಳುವುದುಂಟು. ಕಾಲುಚೀಲ, ಕೈಚೀಲ ತೊಡಿಸುವ ಮುಂಚೆ ಪ್ರತಿ ಸಲ ಒಳಮಗ್ಗುಲು ತಿರುವಿ ಕೊಡವುವ ರೂಢಿ ಮಾಡಿಕೊಂಡರೆ ಒಳ್ಳೆಯದು. ಇರುವೆಯೂ ಹೀಗೆಯೇ ಸಿಗುತ್ತದೆ.

ನಂತರ ತೊಡೆಸಂದು. ಅಲ್ಲಿ ಅಥವಾ ವೃಷಣದ ಚೀಲದಲ್ಲಿ ಗಟ್ಟಿಯಾದ, ಮುಟ್ಟಿದರೆ ಅಳು ಹೆಚ್ಚಾಗುವ ಉಬ್ಬು ಇದ್ದರೆ ಅದು ಸಿಕ್ಕಿಹಾಕಿಕೊಂಡ ಹರ್ನಿಯಾ ಇರಬಹುದು. ಒತ್ತಿ ಒಳಗೆ ತಳ್ಳಲು ಹೋಗದೆ ನೇರ ಆಸ್ಪತ್ರೆಗೆ ಹೋಗಿ. ಡೈಪರ್ ಜಾಗದ ಕೆಂಪು, ಗುದದ ಬಳಿಯ ಸಣ್ಣ ಬಿರುಕು, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು ನೋಡಿ. ಕೈಕಾಲು ಒಂದೊಂದನ್ನೇ ಮೆಲ್ಲಗೆ ಆಡಿಸಿ. ಒಂದು ಕೈ ಅಥವಾ ಕಾಲನ್ನು ಮಾತ್ರ ಕೂಸು ಆಡಿಸದೆ, ನೀವು ಆಡಿಸಿದಾಗ ಚೀರಿದರೆ ಮೂಳೆ-ಕೀಲಿನ ತೊಂದರೆ ಇರಬಹುದು, ತೋರಿಸಬೇಕು. ಕತ್ತು ಮತ್ತು ಕಂಕುಳ ಮಡಿಕೆಗಳಲ್ಲಿ ಎಣ್ಣೆ, ಪೌಡರು, ಸುರಿದ ಹಾಲು ಸೇರಿ ಚರ್ಮ ಸುಲಿದಿರುವುದು ಎರೆಯುವ ಮನೆಗಳಲ್ಲಿ ತುಂಬ ಸಾಮಾನ್ಯ.

ಒಂದು ಕಣ್ಣನ್ನಷ್ಟೇ ಮುಚ್ಚಿಕೊಂಡು, ಅದರಲ್ಲಿ ನೀರು ಬರುತ್ತಿದ್ದರೆ ತನ್ನ ಉಗುರಿನಿಂದಲೇ ಕಣ್ಣುಗುಡ್ಡೆ ಗೀರಿಕೊಂಡಿರಬಹುದು. ಕಾಡಿಗೆ, ಎದೆಹಾಲು ಯಾವುದನ್ನೂ ಹಾಕದೆ ಕಣ್ಣು ತೋರಿಸಿ. ನಾಲಿಗೆ ಮತ್ತು ಕೆನ್ನೆಯ ಒಳಗೆ, ಒರೆಸಿದರೂ ಹೋಗದ ಮೊಸರಿನಂಥ ಬಿಳಿ ಪದರವಿದ್ದರೆ ಅದು ಶಿಲೀಂಧ್ರದ ಸೋಂಕು. ಹಾಲು ಚೀಪಲು ಹೋದಾಗ ಉರಿಯುವುದರಿಂದ ಬಿಟ್ಟು ಅಳುತ್ತದೆ. ಕೂಸಿಗೂ ತಾಯಿಯ ಮೊಲೆತೊಟ್ಟಿಗೂ ಒಟ್ಟಿಗೆ ಔಷಧಿ ಬೇಕಾಗುತ್ತದೆ.

ಇಷ್ಟಕ್ಕೂ ಹತ್ತು ನಿಮಿಷ ಸಾಕು. ಕೆಲವು ಕಾರಣಗಳು ಮಾತ್ರ ಹೀಗೆ ಬರಿಗಣ್ಣಿಗೆ ಸಿಗುವುದಿಲ್ಲ. ಉಚ್ಚೆದಾರಿಯ ಸೋಂಕು, ಕಿವಿಯ ಸೋಂಕು, ಹೃದಯ ವಿಪರೀತ ವೇಗವಾಗಿ ಬಡಿಯುವ ತೊಂದರೆ ಅಂಥವು. ಆದ್ದರಿಂದ ಮನೆಯಲ್ಲಿ ಏನೂ ಕಾಣದಿದ್ದರೂ ಮೊದಲ ಬಾರಿ ಇಂಥ ಅಳು ಶುರುವಾದಾಗ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಕೋಲಿಕ್ ಎಂದು ಹೆಸರಿಡುವ ಕೆಲಸ ಅವರದು.

ಹಾಲು ಸಾಲುತ್ತಿದೆಯೇ?

ಸಂಜೆ ಅಳುವಿನಿಂದ ಆಗುವ ದೊಡ್ಡ ನಷ್ಟ ಇಲ್ಲಿದೆ. ಕೂಸು ಅಳುತ್ತದೆ, ಅರ್ಧ ಗಂಟೆಗೊಮ್ಮೆ ಮೊಲೆ ಹುಡುಕುತ್ತದೆ, ಎದೆ ಮುಟ್ಟಿದರೆ ಮೆತ್ತಗಿದೆ. ಹಾಲಿಲ್ಲ ಎಂದು ಡಬ್ಬಿ ತರಿಸುತ್ತಾರೆ. ಡಬ್ಬಿ ಹಾಲು ಕುಡಿದ ಮೇಲೆ ಮೊಲೆ ಚೀಪುವುದು ಕಡಿಮೆಯಾಗಿ, ಇದ್ದ ಹಾಲೂ ನಿಜವಾಗಿಯೇ ಇಳಿಯುತ್ತದೆ. ಸಂಜೆ ಹೊತ್ತು ಕೂಸುಗಳು ಮತ್ತೆ ಮತ್ತೆ ಕುಡಿಯಲು ಕೇಳುವುದು ಈ ವಯಸ್ಸಿನ ಸಹಜ ರೀತಿ. ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಲು ಬರುವುದಿಲ್ಲ, ಉಚ್ಚೆಯಿಂದ ಮತ್ತು ತೂಕದಿಂದ ಅಳೆಯಬೇಕು.

ಮೊದಲ ವಾರ ಕಳೆದ ಮೇಲೆ 24 ಗಂಟೆಯಲ್ಲಿ ಕನಿಷ್ಠ 6 ಸಲ ತೆಳು ಬಣ್ಣದ ಉಚ್ಚೆ ಹೊಯ್ಯಬೇಕು. ಹುಟ್ಟಿದಾಗಿನ ತೂಕಕ್ಕೆ ಎರಡು ವಾರದೊಳಗೆ ಮರಳಿ ಬಂದು, ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತಿರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತೂಕ ನೋಡುವ ಏರ್ಪಾಡಿದೆ. ತವರಿಗೆ ಹೋದಾಗ ಇದು ತಪ್ಪಿಹೋಗುತ್ತದೆ, ಅಲ್ಲಿಯ ಆಶಾಗೆ ಹೇಳಿ ಬರೆಸಿಕೊಳ್ಳಿ. ತಾಯಿ ಕಾರ್ಡಿನಲ್ಲಿ ಗೆರೆ ಮೇಲಕ್ಕೆ ಹೋಗುತ್ತಿದ್ದರೆ, "ನಿನ್ನ ಹಾಲು ಸಾಲದು" ಎಂದು ಅತ್ತೆಯವರಾಗಲಿ ನೆಂಟರಾಗಲಿ ಹೇಳಿದಾಗ ಆ ಕಾರ್ಡನ್ನೇ ತೋರಿಸಿ. ತೂಕ ಏರುತ್ತಿಲ್ಲವೆಂದರೆ ಮಾತ್ರ ಅದು ಕೋಲಿಕ್ ಅಲ್ಲ, ಹಸಿವಿನ ಅಥವಾ ಕಾಯಿಲೆಯ ಅಳು. ಅದೇ ವಾರ ವೈದ್ಯರನ್ನು ಕಾಣಬೇಕು.

ಮೊಲೆಗೆ ಬಾಯಿ ಹಾಕುವ ರೀತಿ ನೋಡಿ. ಬಾಯಿ ಅಗಲ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವನ್ನೂ ಒಳಗೆ ತೆಗೆದುಕೊಂಡು, ಗದ್ದ ಎದೆಗೆ ತಾಗಿರಬೇಕು. ತಾಯಿಗೆ ನೋಯಬಾರದು. ಬರೀ ತೊಟ್ಟು ಹಿಡಿದು ಚಪ್ ಚಪ್ ಸದ್ದು ಮಾಡುತ್ತಿದ್ದರೆ ಹಾಲಿಗಿಂತ ಗಾಳಿಯೇ ಹೆಚ್ಚು ಹೋಗುತ್ತದೆ. ಒಂದು ಕಡೆ ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ ಕೊಡಿ. ಐದೈದು ನಿಮಿಷಕ್ಕೆ ಬದಲಿಸಿದರೆ ಕುಡಿಯಲು ಶುರುಮಾಡಿದಾಗ ಬರುವ ತೆಳ್ಳಗಿನ ಹಾಲೇ ಹೆಚ್ಚಾಗಿ, ಹಸಿರು ನೊರೆನೊರೆ ಮಲ ಸಿಡಿದಂತೆ ಹೋಗಿ ಹೊಟ್ಟೆ ಗುಡುಗುಡು ಎನ್ನುತ್ತದೆ. ಹಾಲು ಸೇದಿ ಬರುವ ರಭಸಕ್ಕೆ ಕೂಸು ಕೆಮ್ಮಿ ಬಿಟ್ಟರೆ ತಾಯಿ ಒರಗಿ ಕೂತು ಕುಡಿಸಲಿ.

ಡಬ್ಬಿ ಹಾಲಾದರೆ ಅಳತೆ ಪರೀಕ್ಷಿಸಿ. ಡಬ್ಬಿಯ ಮೇಲೆ ಬರೆದಷ್ಟೇ ನೀರಿಗೆ ಆ ಡಬ್ಬಿಯದೇ ಚಮಚದಲ್ಲಿ, ಮಟ್ಟ ಮಾಡಿದ ಪುಡಿ. ಹೊಟ್ಟೆ ತುಂಬಲಿ ಎಂದು ಗುಡ್ಡೆ ಚಮಚ ಹಾಕಬಾರದು, ಉಳಿತಾಯಕ್ಕೆಂದು ತೆಳ್ಳಗೆ ಮಾಡಲೂಬಾರದು. ಬಾಟಲಿಯ ನಿಪ್ಪಲ್ ತುದಿಯಲ್ಲಿ ಸದಾ ಹಾಲು ತುಂಬಿರುವಂತೆ ಹಿಡಿಯಿರಿ. ಹೇಗೇ ಕುಡಿಸಿದರೂ ಆಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗಿಸಿ. ಹತ್ತು ನಿಮಿಷಕ್ಕೆ ತೇಗು ಬರದಿದ್ದರೆ ಬಿಟ್ಟುಬಿಡಿ, ಬೆನ್ನು ಬಡಿಯುತ್ತಲೇ ಇರಬೇಕಿಲ್ಲ.

ಇನ್ನು ತಾಯಿಯ ಊಟ. ಬೇಳೆ, ಸೊಪ್ಪು, ಎಲೆಕೋಸು, ಆಲೂಗಡ್ಡೆ ತಿಂದರೆ ಕೂಸಿಗೆ ವಾಯು ಎಂದು ಬಾಣಂತಿಗೆ ಬರೀ ಅನ್ನ-ಮೆಣಸಿನ ಸಾರು ಹಾಕುವ ಮನೆಗಳು ಇಂದಿಗೂ ಇವೆ. ವಾಯು ಆಗುವುದು ಉಂಡವರ ಕರುಳಿನಲ್ಲಿ. ಅದು ರಕ್ತ ಸೇರಿ ಹಾಲಿಗೆ ಬರುವುದಿಲ್ಲ. ಹೆತ್ತು ಸೋತ ಹೆಣ್ಣಿಗೆ ಹೊಟ್ಟೆ ತುಂಬ ಊಟ ಹಾಕಿ. ಹಾಲಿನ ಮೂಲಕ ಹೋಗಿ ತೊಂದರೆ ಕೊಡುವುದು ಹಸು-ಎಮ್ಮೆ ಹಾಲಿನ ಪ್ರೋಟೀನ್, ಅದೂ ಕೆಲವೇ ಕೂಸುಗಳಿಗೆ. ಮಲದಲ್ಲಿ ಲೋಳೆ ಅಥವಾ ರಕ್ತದ ಎಳೆ, ಮೈಮೇಲೆ ಹೋಗದ ಇಸುಬು, ಮನೆಯಲ್ಲಿ ಅಲರ್ಜಿ ಇರುವವರು, ಇಂಥ ಸುಳಿವಿದ್ದರೆ ವೈದ್ಯರು ತಾಯಿಗೆ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಪನೀರು ಬಿಟ್ಟು ನೋಡಲು ಹೇಳಬಹುದು. ಕಡಿಮೆಯಾದರೆ ಮತ್ತೆ ಶುರುಮಾಡಿ ಅದೇ ಕಾರಣವೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಸುಳಿವಿಲ್ಲದೆ ಸುಮ್ಮನೆ ಬಿಡಬೇಡಿ. ದಿನಕ್ಕೆ ಐದಾರು ಲೋಟ ಕಾಫಿ ಕುಡಿಯುವವರಾದರೆ ಒಂದೆರಡಕ್ಕೆ ಇಳಿಸಿ ನೋಡಬಹುದು. ಮನೆಯೊಳಗೆ ಬೀಡಿ-ಸಿಗರೇಟು ಬೇಡವೇ ಬೇಡ. ತಂಬಾಕಿನ ಹೊಗೆಗೂ ಕೋಲಿಕ್‌ಗೂ ನಂಟಿದೆ. ಎರೆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯೂ ಆ ಪುಟ್ಟ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ತಿಣುಕುವುದನ್ನು ಇದರ ಜೊತೆ ಬೆರೆಸಬೇಡಿ. ಹತ್ತು ನಿಮಿಷ ಮುಖ ಕೆಂಪಗೆ ಮಾಡಿಕೊಂಡು ತಿಣುಕಿ ಅತ್ತು, ಕೊನೆಗೆ ಮೆತ್ತನೆಯ ಮಲ ಹೋದರೆ ಅದು ಮಲಬದ್ಧತೆ ಅಲ್ಲ. ಮುಕ್ಕುವುದಕ್ಕೂ ಗುದ ಸಡಿಲಿಸುವುದಕ್ಕೂ ಹೊಂದಾಣಿಕೆ ಇನ್ನೂ ಬಂದಿರುವುದಿಲ್ಲ, ಅಷ್ಟೇ. ಸಾಬೂನಿನ ಚೂರು, ವೀಳ್ಯದೆಲೆಯ ತೊಟ್ಟು ಗುದಕ್ಕೆ ಇಡುವುದು ಬೇಡ.

ನಿದ್ದೆಗೆಟ್ಟ ಅಳು, ಸೆಕೆಯ ಅಳು, ಲಸಿಕೆಯ ಅಳು

ಒಂದೂವರೆ ತಿಂಗಳ ಕೂಸು ಒಮ್ಮೆ ಎದ್ದರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸರಿಯಾಗಿರುತ್ತದೆ. ಆಮೇಲೆ ಆಕಳಿಸುತ್ತದೆ, ಮುಖ ಅತ್ತ ತಿರುಗಿಸುತ್ತದೆ, ಕಣ್ಣು ಎಲ್ಲೋ ನೋಡುತ್ತದೆ. ಆ ಹೊತ್ತಿನಲ್ಲಿ ನೆಂಟರ ಕೈಯಿಂದ ಕೈಗೆ ಹೋಗುತ್ತಿದ್ದರೆ, ಟಿವಿ ಮತ್ತು ಮೊಬೈಲ್ ಬೆಳಕು ಕಣ್ಣಿಗೆ ಬೀಳುತ್ತಿದ್ದರೆ ಸಂಜೆಗೆ ರಚ್ಚೆ ಖಂಡಿತ. ನಾಮಕರಣದ ರಾತ್ರಿ ಎಷ್ಟೋ ಕೂಸುಗಳು ಅಳುವುದು ಇದಕ್ಕೇ.

ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಏಪ್ರಿಲ್ ತಿಂಗಳಲ್ಲೂ ಕುಲಾವಿ-ಸ್ವೆಟರ್ ಹಾಕಿದ್ದರೆ ಕೂಸಿನ ಹಿಂಗತ್ತು ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ. ಅಂಗೈ-ಅಂಗಾಲು ತಣ್ಣಗಿದ್ದ ಮಾತ್ರಕ್ಕೆ ಚಳಿ ಎಂದಲ್ಲ.

ನಮ್ಮ ದೇಶದಲ್ಲಿ ಪೆಂಟಾವೇಲೆಂಟ್ ಲಸಿಕೆ 6, 10 ಮತ್ತು 14ನೇ ವಾರಕ್ಕೆ. ಅಳು ಅತಿ ಹೆಚ್ಚಿರುವ ಆರನೇ ವಾರಕ್ಕೇ ಮೊದಲ ಚುಚ್ಚುಮದ್ದು ಬೀಳುವುದರಿಂದ, ಅದಾದ ಮೇಲಿನ ಅಳುವನ್ನೆಲ್ಲ ಲಸಿಕೆಯ ತಲೆಗೆ ಕಟ್ಟಿ ಮುಂದಿನದನ್ನು ಹಾಕಿಸದೆ ಬಿಡುವವರನ್ನು ಕಂಡಾಗ ಸಂಕಟವಾಗುತ್ತದೆ. ಲಸಿಕೆಯ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಗ ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ಅತ್ತರೆ ಲಸಿಕೆ ಹಾಕಿದವರಿಗೆ ತಿಳಿಸಿ. ಪ್ಯಾರಾಸಿಟಮಾಲ್ ಕೊಡಲು ಹೇಳಿದ್ದರೆ ಒಂದು ಎಚ್ಚರಿಕೆ: ಹನಿಯಾಗಿ ಸಿಗುವ ಔಷಧಿ ಸಿರಪ್‌ಗಿಂತ ಎಷ್ಟೋ ಪಟ್ಟು ಗಾಢ. ಸಿರಪ್ ಲೆಕ್ಕದಲ್ಲಿ ಹನಿ ಕೊಟ್ಟರೆ ಅಪಾಯ. ಯಾವುದು, ಎಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಏನೂ ಸಿಗದಿದ್ದಾಗ

ಈಗ ಅದು ಕೋಲಿಕ್. ಇದರ ಮೂಲ ಕಾರಣ ವಿಜ್ಞಾನಕ್ಕೆ ಇನ್ನೂ ಪೂರ್ತಿ ದಕ್ಕಿಲ್ಲ. ಕರುಳಿನ ಬ್ಯಾಕ್ಟೀರಿಯಾ, ಇನ್ನೂ ಬಲಿಯದ ನರವ್ಯವಸ್ಥೆ ಎರಡರ ಪಾತ್ರವೂ ಇದೆ ಎಂಬ ಅಭಿಪ್ರಾಯವಿದೆ. ಗ್ಯಾಸಿನ ವಿಷಯದಲ್ಲಿ ಮಾತ್ರ ನಾವು ಸಾಮಾನ್ಯವಾಗಿ ತಿರುವುಮುರುವಾಗಿ ಯೋಚಿಸುತ್ತೇವೆ. ಬಾಯಿ ತೆರೆದು ಅಳುವಾಗ ಕೂಸು ಗಾಳಿ ನುಂಗುತ್ತದೆ, ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ಹೂಸು ಹೋಗುತ್ತದೆ. ಗ್ಯಾಸಿನಿಂದ ಅಳು ಬಂದದ್ದಕ್ಕಿಂತ ಅಳುವಿನಿಂದ ಗ್ಯಾಸು ಬಂದದ್ದೇ ಹೆಚ್ಚು.

ಮಾಡಬೇಕಾದ್ದು ಕೂಸಿಗೆ ಆಸರೆಯಾಗಿ ಆ ಹೊತ್ತು ದಾಟಿಸುವುದು. ಕೋಣೆಯ ದೀಪ ತಗ್ಗಿಸಿ, ಜನ ಕಡಿಮೆ ಮಾಡಿ. ಅಪ್ಪನೋ ಅಜ್ಜನೋ ಅಂಗಿ ತೆಗೆದು ಬರಿ ಎದೆಗೆ ಕೂಸನ್ನು ಒರಗಿಸಿಕೊಂಡು ನಿಧಾನ ನಡೆದಾಡಲಿ. ಮುಂಗೈ ಮೇಲೆ ಕೂಸನ್ನು ಬೋರಲಾಗಿ ಹಾಕಿಕೊಂಡು, ತಲೆ ಮೊಣಕೈ ಮಡಿಕೆಯಲ್ಲಿ ಒಂದು ಪಕ್ಕಕ್ಕೆ ತಿರುಗಿರುವಂತೆ, ಅಂಗೈಯಿಂದ ತೊಡೆ ಹಿಡಿದು ತೂಗುವುದು ಹಲವು ಕೂಸುಗಳಿಗೆ ಹಿತ. ತೆಳು ಬಟ್ಟೆಯಲ್ಲಿ ಕೈ ಸೇರಿಸಿ ಸುತ್ತಿ, ಆದರೆ ಸೊಂಟದ ಕೆಳಗೆ ಸಡಿಲವಾಗಿರಲಿ. ಕಾಲು ಚಾಚಿ ಬಿಗಿದರೆ ಸೊಂಟದ ಕೀಲು ತಪ್ಪುವ ಅಪಾಯವಿದೆ. ಕಿವಿಯ ಹತ್ತಿರ "ಶ್‌ಶ್" ಎಂಬ ಏಕನಾದ, ಜೋಗುಳ, ದೂರದಲ್ಲಿ ಫ್ಯಾನಿನ ಸದ್ದು. ತೊಟ್ಟಿಲು ತೂಗಿ. ಸೀರೆಯ ಜೋಲಿಯಲ್ಲಿ ಸಮಾಧಾನವಾದರೂ ನಿದ್ದೆ ಹತ್ತಿದ ಮೇಲೆ ಸಪಾಟಾದ ಹಾಸಿಗೆಗೆ ಅಂಗಾತ ಮಲಗಿಸಿ. ಬೋರಲು ಮಲಗಿಸಿ ನಿದ್ದೆ ಮಾಡಿಸಬಾರದು.

ಯಾವುದನ್ನೇ ಹಿಡಿದರೂ ಐದು-ಹತ್ತು ನಿಮಿಷ ಅದನ್ನೇ ಮಾಡಿ. ಎರಡು ನಿಮಿಷಕ್ಕೊಂದು ಉಪಾಯ ಬದಲಿಸುತ್ತ, ಗಿಲಕಿ ಆಡಿಸುತ್ತ, ನಾಲ್ಕು ಜನ ಒಟ್ಟಿಗೆ ಮಾತಾಡಿಸಿದರೆ ದಣಿದ ಕೂಸು ಇನ್ನಷ್ಟು ಕೆರಳುತ್ತದೆ. ಹೊಟ್ಟೆ ನೀವುವುದು, ಕಾಲು ಸೈಕಲ್ ತುಳಿಸುವುದು ಅಳು ಶುರುವಾಗುವ ಮುಂಚಿನ ಕೆಲಸ. ಸಂಜೆ ಐದರ ಹೊತ್ತಿಗೆ ಬಿಸಿನೀರಿನಲ್ಲಿ ಮೈ ತೊಳೆಸಿ ಮಾಡಿದರೆ ಒಳ್ಳೆಯದು. ವೀಳ್ಯದೆಲೆಗೆ ಹರಳೆಣ್ಣೆ ಸವರಿ ದೀಪದಲ್ಲಿ ಬಿಸಿಮಾಡಿ ಹೊಟ್ಟೆಗೆ ಇಡುವುದರಿಂದ ಎಳೆ ಚರ್ಮ ಸುಟ್ಟ ಉದಾಹರಣೆಗಳಿವೆ. ಬೆಚ್ಚಗಿನ ಅಂಗೈ ಸಾಕು.

ಬಾಯಿಗೆ ಹಾಕುವ ಮುಂಚೆ

ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿಯ ಕೈಯಲ್ಲಿ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆಯ ಜೊತೆ ಆಲ್ಕೋಹಾಲ್ ಕೂಡ ಇತ್ತು. ಬ್ರಿಟನ್ನಿನಲ್ಲಿ ಅದನ್ನು ತೆಗೆದದ್ದು 1992ರಲ್ಲಿ. ಈಗಿನದರಲ್ಲಿ ಆಲ್ಕೋಹಾಲ್ ಇಲ್ಲವೆಂದರೂ ಕೋಲಿಕ್ ಕಡಿಮೆ ಮಾಡುತ್ತದೆ ಎನ್ನಲು ಆಧಾರವಿಲ್ಲ. ಸಿಹಿ ನಾಲಿಗೆಗೆ ತಾಗಿದಾಗ ಕೂಸು ಕೆಲ ನಿಮಿಷ ಸುಮ್ಮನಾಗುತ್ತದೆ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಇದನ್ನು ಕೊಡಲು ಕಾರಣ ಕಾಣುವುದಿಲ್ಲ.

ಗ್ಯಾಸಿಗೆಂದು ಕೊಡುವ ಸಿಮೆಥಿಕೋನ್ ಹನಿ ಅಪಾಯಕಾರಿಯಲ್ಲ, ಆದರೆ ಪ್ರಯೋಗಗಳಲ್ಲಿ ಬರೀ ನೀರಿನಂಥ ಹುಸಿಮದ್ದಿಗಿಂತ ಹೆಚ್ಚು ಕೆಲಸ ಮಾಡಿಲ್ಲ. ಡೈಸೈಕ್ಲೋಮಿನ್ ಇರುವ ಹೊಟ್ಟೆನೋವಿನ ಔಷಧಿಯನ್ನು ಮಾತ್ರ ಆರು ತಿಂಗಳೊಳಗೆ ಕೊಡಲೇಬಾರದು. ಉಸಿರು ನಿಂತದ್ದು, ಫಿಟ್ಸ್ ಬಂದದ್ದು ವರದಿಯಾಗಿದೆ. ದೊಡ್ಡ ಮಗುವಿಗೆಂದು ತಂದು ಉಳಿದ ಬಾಟಲಿ, ಅಂಗಡಿಯವರು ಚೀಟಿಯಿಲ್ಲದೆ ಕೊಟ್ಟ ಬಾಟಲಿಯ ಮೇಲೆ ಈ ಹೆಸರಿದೆಯೇ ಎಂದು ಓದಿ ನೋಡಿ. ಲ್ಯಾಕ್ಟೋಬ್ಯಾಸಿಲಸ್ ರೂಟೆರಿ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಹನಿ ಎದೆಹಾಲು ಕುಡಿಯುವ ಕೂಸುಗಳಲ್ಲಿ ಅಳುವನ್ನು ಕಡಿಮೆ ಮಾಡಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಡಬ್ಬಿ ಹಾಲಿನ ಕೂಸುಗಳಲ್ಲಿ ಅಷ್ಟು ಖಚಿತವಿಲ್ಲ. ಬೇಕೇ ಎಂದು ವೈದ್ಯರನ್ನು ಕೇಳಬಹುದು.

ಸಾಣೆಕಲ್ಲಿನ ಮೇಲೆ ಬಜೆ, ಜಾಯಿಕಾಯಿ, ಮಾಚಿಕಾಯಿ ಎರಡೆರಡು ಸುತ್ತು ತೇದು ನೆಕ್ಕಿಸುವುದು ಪ್ರೀತಿಯಿಂದ ಬಂದ ಪದ್ಧತಿ, ಅಜ್ಜಿಯಂದಿರ ಮೇಲೆ ನನಗೆ ಗೌರವವಿದೆ. ಆದರೂ ಬೇಡ ಎನ್ನುತ್ತೇನೆ. ಸುತ್ತಿಗೆ ಎಷ್ಟು ಮದ್ದು ಇಳಿಯಿತೆಂದು ಅಳೆಯಲಾಗದು. ಬಜೆ ಹೆಚ್ಚಾದರೆ ವಾಂತಿ, ಜಾಯಿಕಾಯಿಯಲ್ಲಿ ಮಂಪರು ತರುವ ಅಂಶವಿದೆ. ಮಂಪರಿನಲ್ಲಿ ಸುಮ್ಮನಾದ ಕೂಸು ಗುಣವಾದಂತೆ ಕಾಣುತ್ತದೆ, ಒಳಗಿನ ಕಾಯಿಲೆ ಇದ್ದರೆ ಅದು ಮುಚ್ಚಿಹೋಗುತ್ತದೆ. ಜೇನುತುಪ್ಪ ಒಂದು ವರ್ಷದವರೆಗೆ ನಾಲಿಗೆಗೂ ತಾಗಿಸಬೇಡಿ, ಅದರಲ್ಲಿರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದಿಂದ ಸ್ನಾಯುಗಳು ಸೋತು ಉಸಿರಾಟಕ್ಕೇ ಕುತ್ತು ಬರುತ್ತದೆ. ಮೂಗಿಗೆ ಎಣ್ಣೆ ಬಿಡುವುದು, ಹರಳೆಣ್ಣೆ ಕುಡಿಸುವುದು ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ದಾರಿ. ಕಿವಿಗೆ ಎಣ್ಣೆ ಬಿಡುವುದೂ ಬೇಡ. ಬಾಲಗ್ರಹವೆಂದು ಹೊಟ್ಟೆಯ ಮೇಲೆ ಬರೆ ಹಾಕಿಸುವುದಂತೂ ಮಾತು ಬಾರದ ಕೂಸಿನ ಮೇಲೆ ಮಾಡುವ ಗಾಯ. ದೃಷ್ಟಿ ತೆಗೆದರೆ ತೊಂದರೆಯಿಲ್ಲ, ಬರೆ ಹಾಕಲು ಯಾರೇ ಹೇಳಿದರೂ ಒಪ್ಪಬೇಡಿ.

ಅಳು ಕೇಳುವವರು

ದಿನಾ ಮೂರು ಗಂಟೆ ಈ ಅಳು ಕೇಳಿ, ರಾತ್ರಿ ನಿದ್ದೆಗೆಟ್ಟವರಿಗೆ ಸಿಟ್ಟು ಬರುತ್ತದೆ. ಅದು ಕೆಟ್ಟ ತಾಯಿ, ಕೆಟ್ಟ ತಂದೆಯ ಗುರುತಲ್ಲ. ಆ ಸಿಟ್ಟಿನಲ್ಲಿ ಒಮ್ಮೆ ಜೋರಾಗಿ ಅಲುಗಾಡಿಸಿದರೂ ಕೂಸಿನ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವವೋ ಕಣ್ಣೋ ಹೋಗಬಹುದು. ಕೈ ನಡುಗುತ್ತಿದೆ ಅನ್ನಿಸಿದ ಕೂಡಲೇ ಕೂಸನ್ನು ಬೀಳದ ಜಾಗದಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಹೊರಗೆ ಬಂದು ಹತ್ತು ನಿಮಿಷ ಕೂತು ನೀರು ಕುಡಿಯಿರಿ. ಹತ್ತು ನಿಮಿಷ ಒಂಟಿಯಾಗಿ ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ. ಮನೆಯವರು ಸಂಜೆಯ ಪಾಳಿ ಹಂಚಿಕೊಳ್ಳಲಿ. ಬಾಣಂತಿಗೆ ಆ ಹೊತ್ತಿನಲ್ಲಿ ಒಂದು ಗಂಟೆ ಬಾಗಿಲು ಹಾಕಿಕೊಂಡು ಮಲಗಲು ಬಿಡಿ. "ನೀನು ಏನು ತಿಂದೆ, ಹೀಗೆ ಅಳುತ್ತಿದೆ" ಎಂಬ ಮಾತು ಯಾರ ಬಾಯಲ್ಲೂ ಬರದಿರಲಿ.

ಎರಡು ವಾರಕ್ಕಿಂತ ಹೆಚ್ಚು ದಿನ ತಾಯಿಗೆ ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಕೂಸು ಮಲಗಿದ್ದರೂ ನಿದ್ದೆ ಬರದಿದ್ದರೆ, ತನಗಾಗಲಿ ಕೂಸಿಗಾಗಲಿ ಏನಾದರೂ ಮಾಡಿಕೊಳ್ಳುವ ಯೋಚನೆ ಸುಳಿದರೆ, ಅದಕ್ಕೆ ಚಿಕಿತ್ಸೆ ಇದೆ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ತೋರಿಸಬೇಕಾದಾಗ

ಒಮ್ಮೆ ಕೋಲಿಕ್ ಎಂದ ಮಾತ್ರಕ್ಕೆ ಎಲ್ಲ ಅಳುವೂ ಅದೇ ಅಲ್ಲ. ತೂಕ ನಿಂತರೆ, ಅಳುವಿನ ರೀತಿ ಇದ್ದಕ್ಕಿದ್ದಂತೆ ಬದಲಾದರೆ, ಮೂರು ತಿಂಗಳು ಆರಾಮಾಗಿದ್ದು ಆಮೇಲೆ ಹೊಸದಾಗಿ ಶುರುವಾದರೆ, ನಾಲ್ಕು-ಐದು ತಿಂಗಳಾದರೂ ಇಳಿಯದಿದ್ದರೆ ಮೊದಲಿನಿಂದ ನೋಡಬೇಕು. ಹೋಗುವ ಮುಂಚೆ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಅಳು ಎಷ್ಟಕ್ಕೆ ಶುರು, ಎಷ್ಟಕ್ಕೆ ನಿಂತಿತು, ಹಾಲು ಕುಡಿದದ್ದು ಯಾವಾಗ, ಉಚ್ಚೆ ಎಷ್ಟು ಸಲ, ಮಲ ಹೇಗಿತ್ತು, ಏನು ಕೊಟ್ಟಿರಿ. ಮನೆಮದ್ದು ಕೊಟ್ಟಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಅಳುವಾಗಿನ ಒಂದು ನಿಮಿಷದ ವಿಡಿಯೋ ಫೋನಿನಲ್ಲಿರಲಿ. ಬೆಳಗ್ಗೆ ಹನ್ನೊಂದಕ್ಕೆ ವೈದ್ಯರ ಮುಂದೆ ಕೂಸು ನಗುತ್ತಲೇ ಇರುತ್ತದೆ, ಸಂಜೆ ಏಳರ ಅಳುವನ್ನು ಅವರಿಗೆ ತೋರಿಸಲು ಬೇರೆ ದಾರಿಯಿಲ್ಲ.